ಸಿಳ್ಳೆ ಬಿಟ್ಟ ಇಪ್ಪತ್ತೆರಡು ದಿನ

ಸಿಂಧನೂರಿನಿಂದ ಆ ಮಾತು ಬಂದಾಗ ನಾನು ಲಿಂಗಸುಗೂರಿನ ಗಿರ್ದಾವರ ಸಾಹೇಬರ ಮನೆಯ ಹಿತ್ತಲಲ್ಲಿ ಕೂಸಿನ ಅರಿವೆ ಒಗೆಯುತ್ತಿದ್ದೆ. ಬೆಳಗಿನಿಂದ ಅದು ಹದಿಮೂರನೆಯದು. ಗಿರ್ದಾವರರೆಂದರೆ ಹಳ್ಳಿಹಳ್ಳಿ ತಿರುಗಿ ಹೊಲ, ಬೆಳೆ ನೋಡಿ ಕಚೇರಿಗೆ ಬರೆದು ಕಳಿಸುವ ನಿಜಾಮ ಸರಕಾರದ ನೌಕರರು. ತಿಂಗಳಲ್ಲಿ ಅರ್ಧ ದೌರೆಯ ಮೇಲೆ ಬಂಡಿಯಲ್ಲೇ ಇರುತ್ತಿದ್ದರು. ಅವರ ಹೆಂಡತಿಯನ್ನು ನಾನು ಅಕ್ಕಾವ್ರು ಎನ್ನುತ್ತಿದ್ದೆ. ಅವರ ಮೊದಲ ಬಾಣಂತನ ಮಾಡಲೆಂದು ಮಸ್ಕಿಯಿಂದ ಬಂದವಳು, ಕೂಸು ನನ್ನನ್ನು ಬಿಡಲಿಲ್ಲವೆಂದು ಹಾಗೇ ಉಳಿದಿದ್ದೆ. ಗಂಡುಕೂಸು. ಎರಡು ವರ್ಷ ತುಂಬಿ ಒಂದು ತಿಂಗಳಾಗಿತ್ತು. ಅಕ್ಕಾವ್ರು ಮತ್ತೆ ನಾಲ್ಕು ತಿಂಗಳ ಬಸುರಿ.

ಮಾತು ತಂದವರು ಸಾಹೇಬರೇ. ದೌರೆಯಲ್ಲಿ ಸಿಂಧನೂರಿಗೆ ಹೋಗಿ ತಾಯಿಯ ಕೈಯೂಟ ಉಂಡು ಬಂದಿದ್ದರು. ಕಾಲು ತೊಳೆದುಕೊಳ್ಳುತ್ತ ಹೆಂಡತಿಗೆ ಹೇಳಿದರು.

“ಯವ್ವ ಮಣ್ಣೆತ್ತಿನ ಅಮಾಸಿಗೆ ಎಲ್ಲಾರೂ ಬರ್ರಿ ಅಂದಾಳ. ಕೂಸು ಇನ್ನೂ ಮನಿತುಂಬ ಉಚ್ಚಿ ಹೊಯ್ತೈತಿ ಅಂದೆ. ಅಮಾಸಿಗೂ ಹಿಂಗ ಇದ್ರ ಅವತ್ತ ಬರಿ ಹಾಕಿಸಿಬಿಡ್ತೀನಿ ಅಂದ್ಳು.”

ಅಕ್ಕಾವ್ರು ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟರು. “ಎರಡು ವರ್ಷದ ಕೂಸಿಗೇನ್ರೀ?”

“ನನಗೂ ಹಾಕಿದ್ರು. ನಾ ಏನು ಸತ್ತೀನೇನು?” ಎಂದು ಸಾಹೇಬರು ಒಳಗೆ ಹೋದರು.

ನನ್ನ ಕೈಯಲ್ಲಿ ಅರಿವೆ ಹಾಗೇ ನಿಂತಿತು. ಬರೆ ಎಂದರೆ ಏನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ದಬ್ಬಣವನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ಹೊಕ್ಕುಳ ಕೆಳಗೆ ಮೂರು ಗೆರೆ ಎಳೆಯುತ್ತಾರೆ. ಇಬ್ಬರು ಕೈ ಹಿಡಿಯಬೇಕು, ಒಬ್ಬರು ಕಾಲು. ನನ್ನ ಹೊಟ್ಟೆಯ ಮೇಲೆ ಆ ಮೂರು ಗೆರೆ ಈಗಲೂ ಇವೆ. ಮನೆಯಲ್ಲಿ ಕೂಸನ್ನು ಎತ್ತಿ ಆಡಿಸುವವಳು ನಾನೇ ಆದ್ದರಿಂದ ಅಮಾವಾಸ್ಯೆಯ ದಿನ ಅದರ ಕಾಲು ಹಿಡಿಯುವವಳೂ ನಾನೇ ಆಗುತ್ತೇನೆ ಎಂಬುದು ಆ ಕ್ಷಣಕ್ಕೇ ನನಗೆ ಹೊಳೆಯಿತು. ಅಮಾವಾಸ್ಯೆಗೆ ಇನ್ನು ಒಂದೂವರೆ ತಿಂಗಳಿತ್ತು.

ನನಗೆ ಕೆಲಸ ಗೊತ್ತಿಲ್ಲವೆಂದಲ್ಲ. ಗೊತ್ತಿದೆ ಎಂಬ ಜಂಬವೇ ಇತ್ತು. ಕೂಸು ಮೂರು ತಿಂಗಳದ್ದಿದ್ದಾಗಿನಿಂದ ನಮ್ಮ ಕಡೆ ಎಲ್ಲರೂ ಮಾಡುವಂತೆ ಕಾಲ ಮೇಲೆ ಕೂರಿಸುತ್ತಿದ್ದೆ. ನೆಲಕ್ಕೆ ಕುಳಿತು ಎರಡೂ ಕಾಲು ಮುಂದೆ ಚಾಚಿ, ಹಿಮ್ಮಡಿ ಕೂಡಿಸಿ, ಪಾದಗಳನ್ನು ಸ್ವಲ್ಪ ಅಗಲಿಸಿದರೆ ನಡುವೆ ಒಂದು ಸಂದು ಆಗುತ್ತದೆ. ಅದರ ಮೇಲೆ ಕೂಸನ್ನು ನಮ್ಮ ಕಡೆ ಮುಖ ಮಾಡಿ ಕೂರಿಸಿ, ಕಂಕುಳಲ್ಲಿ ಹಿಡಿದು, ತುಟಿ ಸಣ್ಣಗೆ ಮಾಡಿ ಸುಯ್ ಎಂದು ಸಿಳ್ಳೆ ಹಾಕಬೇಕು. ಎದ್ದ ಕೂಡಲೇ ಒಮ್ಮೆ, ಹಾಲು ಕುಡಿದ ಮೇಲೊಮ್ಮೆ, ನೀರು ಎರೆಯುವ ಮೊದಲೊಮ್ಮೆ. ಎಂಟನೆಯ ತಿಂಗಳಿಗೆ ನಾನು ಸಿಳ್ಳೆ ಹಾಕಿದರೆ ಸಾಕು, ಕೂಸು ಹೊಯ್ದುಬಿಡುತ್ತಿತ್ತು. ನೆರೆಯ ಹೆಂಗಸರು ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟಿದ್ದರು. ನಾನು ಅವರ ಮುಂದೆ ಒಂದೆರಡು ಸಲ ಬೇಕೆಂದೇ ತೋರಿಸಿಯೂ ಇದ್ದೆ.

ನಡೆಯಲು ಕಲಿತ ಮೇಲೆ ಎಲ್ಲ ಕೆಟ್ಟಿತು. ಕಾಲ ಮೇಲೆ ಕೂರಿಸಿ ಸಿಳ್ಳೆ ಹಾಕಿದರೆ ಹೊಯ್ಯುತ್ತಿದ್ದ, ಅದರಲ್ಲಿ ತಪ್ಪುತ್ತಿರಲಿಲ್ಲ. ಆದರೆ ಅದಾಗಿ ಅರ್ಧ ತಾಸಿಗೆ ಮತ್ತೆ ಚಡ್ಡಿಯಲ್ಲಿ, ಚಾಪೆಯ ಮೇಲೆ, ಒಮ್ಮೆ ಸಾಹೇಬರು ಹಾಸಿಟ್ಟಿದ್ದ ಊರಿನ ನಕಾಶೆಯ ಮೇಲೆ. ಯಾವಾಗ, ಯಾಕೆ ಎಂಬುದಕ್ಕೆ ಬುಡವೂ ಇಲ್ಲ, ತುದಿಯೂ ಇಲ್ಲ. ಅವನಿಗೂ ಗೊತ್ತಾಗುತ್ತಿರಲಿಲ್ಲ. ಹೊಯ್ದುಕೊಂಡ ಮೇಲೆ ಕೆಳಗೆ ನೋಡಿ, ಯಾರೋ ನೀರು ಚೆಲ್ಲಿದರೆಂಬಂತೆ ನನ್ನ ಮುಖ ನೋಡುತ್ತಿದ್ದ.

ಭಯ ಹೊಕ್ಕವಳು ಮಾಡುವ ಕೆಲಸವನ್ನೇ ನಾನು ಮಾಡಿದೆ. ಗೊತ್ತಿದ್ದ ಒಂದೇ ವಿದ್ಯೆಯನ್ನು ಹೆಚ್ಚು ಮಾಡಿದೆ. ದಿನಕ್ಕೆ ಐದು ಸಲ ಕೂರಿಸುತ್ತಿದ್ದವಳು ಹನ್ನೆರಡು ಸಲ ಕೂರಿಸತೊಡಗಿದೆ. ಎರಡು ವರ್ಷದ ಗಂಡುಕೂಸು ನನ್ನ ಪಾದದ ಮೇಲೆ ಹಿಡಿಸುವುದಾದರೂ ಹೇಗೆ? ಹಿಮ್ಮಡಿ ಜೋಮು ಹಿಡಿಯುತ್ತಿತ್ತು. ಅವನು ಬಿಲ್ಲಿನಂತೆ ಹಿಂದಕ್ಕೆ ಬಾಗಿ ಚೀರುತ್ತಿದ್ದ. ಆಟದ ನಡುವಿನಿಂದ ಎಳೆದು ತಂದರೆ ಕಚ್ಚುತ್ತಿದ್ದ. ಎರಡನೆಯ ವಾರಕ್ಕೆ ಮಲ ಕಟ್ಟಿತು. ಒಂದು ದಿನ, ಎರಡು ದಿನ, ನಾಲ್ಕು ದಿನ. ಹೊಟ್ಟೆ ಹಲಗೆಯಂತಾಯಿತು. ಹೊಕ್ಕುಳಿಗೆ ಔಡಲೆಣ್ಣೆ ಹಚ್ಚಿದೆ. ವೀಳ್ಯದೆಲೆಯ ತೊಟ್ಟಿಗೆ ಎಣ್ಣೆ ಸವರಿ, ನಮ್ಮವ್ವ ಮಾಡುತ್ತಿದ್ದಂತೆ ಮಾಡಿದೆ. ಐದನೆಯ ದಿನ ಅತ್ತು ಅತ್ತು ಒಂದಿಷ್ಟು ಗಟ್ಟಿಯಾಗಿ ಬಂತು, ಅದರ ಮೇಲೆ ಎಳೆಯಷ್ಟು ರಕ್ತ. ಅಕ್ಕಾವ್ರು ಅದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡರು. ನನಗೆ ನನ್ನ ಮೇಲೇ ಹೇಸಿಕೆ ಬಂತು.

ಹಕೀಮರ ಹತ್ತಿರ ಎತ್ತಿಕೊಂಡು ಹೋದೆ. ಅವರು ಹೊಟ್ಟೆ ಮುಟ್ಟಿ ನೋಡಿ, ಕಣ್ಣ ರೆಪ್ಪೆ ಎತ್ತಿ ನೋಡಿ, ಆಮೇಲೆ ನನ್ನನ್ನು ನೋಡಿದರು.

“ಇವ ಹೆದರ್ಯಾನ. ಏನು ಮಾಡಾಕತ್ತೀ ಇವನಿಗೆ?”

“ಏನಿಲ್ರೀ ಹಕೀಮ ಸಾಬ್. ಕುಂದ್ರಸಾಕತ್ತೀನಿ.”

“ಹೆದರಿದ ಹೊಟ್ಟಿ ಬಿಗೀತೈತಿ. ಒಣದ್ರಾಕ್ಷಿ ನೆನಿಸಿ ಆ ನೀರು ಕುಡಿಸು. ಕುಂದ್ರಸೋದು ಬಿಡು.”

“ಬಿಟ್ರ ಹೆಂಗ್ರೀ? ಅಮಾಸಿ ಬಂತು.”

“ಅಮಾಸಿಗೂ ಹೊಟ್ಟಿಗೂ ಏನು ಸಂಬಂಧ?” ಎಂದರು. ಒಳಮನೆಯ ಮಾತನ್ನು ಹೊರಗೆ ಹೇಳುವ ಧೈರ್ಯ ನನಗಿರಲಿಲ್ಲ.

ದ್ರಾಕ್ಷಿ ನೀರು ಕುಡಿಸಿದೆ. ಕೂರಿಸುವುದನ್ನು ಮಾತ್ರ ಪೂರ್ತಿ ಬಿಡಲಾಗದೆ ಎರಡು ಸಲಕ್ಕೆ ಇಳಿಸಿದೆ. ಹೀಗೆ ಮೂರು ವಾರ ಹೋದವು.

ಅಂದು ಮಧ್ಯಾಹ್ನ ಕೂಸು ಹಿತ್ತಲ ಬೇವಿನ ನೆರಳಲ್ಲಿ ಕಲ್ಲು ಸಾಲಾಗಿಡುತ್ತಿತ್ತು. ನಾನು ಹತ್ತಿರದಲ್ಲೇ ಜೋಳ ಹಸನು ಮಾಡುತ್ತ ಕೂತಿದ್ದೆ. ಉಂಡು ತಾಸಾಗಿತ್ತು, ಚಡ್ಡಿ ಒಣಗಿಯೇ ಇತ್ತು. ಆ ಹೊತ್ತಿಗೆ ಬಂಡಿ ಹೊಡೆಯುವ ಕಾಕಾ ಸಾಹೇಬರ ಎತ್ತುಗಳನ್ನು ನೀರಿನ ಕಲ್ಲುಬಾನಿಗೆ ಹೊಡೆದುಕೊಂಡು ಬಂದ. ಎತ್ತುಗಳು ಮೂತಿ ಇಟ್ಟವು. ಕಾಕಾ ಅವುಗಳ ಬೆನ್ನ ಮೇಲೆ ಕೈಯಿಟ್ಟು, ಎಲ್ಲ ಒಕ್ಕಲಿಗರೂ ಮಾಡುವಂತೆ, ನೀರು ಕುಡಿಯಲೆಂದು ಸಿಳ್ಳೆ ಹಾಕಿದ. ಉದ್ದಕ್ಕೆ, ಸಣ್ಣಗೆ, ಸುಯ್ ಎಂದು.

ಕೂಸಿನ ಕೈಯಲ್ಲಿದ್ದ ಕಲ್ಲು ಹಾಗೇ ನಿಂತಿತು. ಚಡ್ಡಿಯ ಕಾಲಿನಿಂದ ನೀರು ಇಳಿಯಿತು. ಅವನು ಕೆಳಗೆ ನೋಡಿದ, ಆಮೇಲೆ ನನ್ನನ್ನು ನೋಡಿದ.

ಮೊರ ನನ್ನ ತೊಡೆಯ ಮೇಲಿಂದ ಜಾರಿತು. ಜೋಳವೆಲ್ಲ ಚೆಲ್ಲಿತು. ನಂಬಲಾರದೆ ಸಂಜೆಯವರೆಗೆ ಕಾದೆ. ಸಂಜೆ ಎತ್ತಿಗೆ ನೀರು ಕುಡಿಸುವ ಹೊತ್ತಿಗೆ ಕೂಸನ್ನು ಪಡಸಾಲೆಯಲ್ಲಿ ಆಡಲು ಬಿಟ್ಟು ಪಕ್ಕದಲ್ಲಿ ನಿಂತೆ. ಗೋಡೆಯಾಚೆಯಿಂದ ಸಿಳ್ಳೆ ಕೇಳಿತು. ಚಾಪೆ ಒದ್ದೆಯಾಯಿತು. ಮರುದಿನ ಬೆಳಗಿನಲ್ಲೂ ಅದೇ. ಅದಲ್ಲದೆ ಓಣಿಯಲ್ಲಿ ಯಾರ ಎತ್ತು ಹಾದುಹೋದರೂ, ಯಾವ ಮನೆಯ ಬಾನಿಯಲ್ಲಿ ಸಿಳ್ಳೆ ಎದ್ದರೂ ನನ್ನ ಕೂಸು ಹೊಯ್ದುಕೊಳ್ಳುತ್ತಿದ್ದ. ಲಿಂಗಸುಗೂರಿನ ಅಷ್ಟೂ ಎತ್ತುಗಳ ಬಾಯಾರಿಕೆಗೆ ಇವನ ಚಡ್ಡಿ ಒದ್ದೆಯಾಗುತ್ತಿತ್ತು.

ನಗು ಬರಬೇಕಾದ ಮಾತು. ನನಗೆ ಅಳು ಬಂತು. ಎರಡು ವರ್ಷ ನಾನು ಕಲಿಸಿದ್ದು ಏನನ್ನು? ಹೊಟ್ಟೆಯೊಳಗೆ ತುಂಬಿದ್ದನ್ನು ತಾನು ತಿಳಿಯುವುದನ್ನು ಕಲಿಸಿರಲಿಲ್ಲ. ನನ್ನ ತುಟಿ ಕೇಳುವುದನ್ನು ಕಲಿಸಿದ್ದೆ. ನನ್ನ ತುಟಿಗೂ ಕಾಕಾನ ತುಟಿಗೂ ಅವನಿಗೆ ಏನು ವ್ಯತ್ಯಾಸ? ತಪ್ಪು ಮಾಡಿದವಳು ನಾನು, ಸುಡುವುದು ಅವನ ಹೊಟ್ಟೆಯನ್ನು.

ಮೊದಲು ಕಾಕಾನ ಹತ್ತಿರ ಹೋದೆ.

“ಕಾಕಾ, ಎತ್ತಿಗೆ ನೀರು ಕುಡಸಾಗ ಸಿಳ್ಳಿ ಹಾಕಬ್ಯಾಡ್ರಿ.”

ಅವನು ಬೀಡಿ ಬಾಯಿಂದ ತೆಗೆದ. “ಯಾಕವ್ವಾ ತಂಗಿ? ಹುಟ್ಟಿದಾಗಿಂದ ಸಿಳ್ಳಿ ಕೇಳಿ ಕುಡಿದ ಎತ್ತು ಅವು. ಸಿಳ್ಳಿ ಹಾಕದಂಗ ನೀರು ಕುಡಸು ಅಂದ್ರ, ನಿನ್ನ ಕೂಸಿಗೆ ಸಿಳ್ಳಿ ಹಾಕದಂಗ ಉಚ್ಚಿ ಹೊಯ್ಸು ಅಂದಂಗ ಆತು.”

“ಅದನ್ನ ಮಾಡ್ಬೇಕು ಅಂತೀನ್ರೀ ಕಾಕಾ” ಎಂದು ಎಲ್ಲವನ್ನೂ ಹೇಳಿದೆ. ಬರೆಯ ಮಾತೂ ಹೇಳಿದೆ. ಅವನು ಬಹಳ ಹೊತ್ತು ನಕ್ಕ, ಆಮೇಲೆ ನಗು ನಿಲ್ಲಿಸಿದ. ಮರುದಿನದಿಂದ ಎತ್ತುಗಳನ್ನು ಊರ ಹೊರಗಿನ ಬಾವಿಗೆ ಹೊಡೆದುಕೊಂಡು ಹೋಗಿ ಕುಡಿಸತೊಡಗಿದ, ಓಣಿಯ ಉಳಿದವರಿಗೂ ಅಲ್ಲಿಗೇ ಬರಲು ಹೇಳಿದ. ಆ ಬಿಸಿಲಲ್ಲಿ, ಮೊಣಕಾಲು ನೋವಿನ ಆ ಮುದುಕ, ದಿನಕ್ಕೆ ಮೂರು ಸಲ.

ಅಕ್ಕಾವ್ರಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಬಾಣಂತನ ಮಾಡಿದ ಹೆಂಗಸು ತನ್ನ ಕೆಲಸದಲ್ಲಿ ತಪ್ಪಿದೆ ಎಂದು ಒಪ್ಪಿಕೊಂಡರೆ ಮುಂದಿನ ಬಾಣಂತನಕ್ಕೆ ಯಾರು ಕರೆಯುತ್ತಾರೆ? ಹೇಳದೆ ಇದ್ದರೂ ನಡೆಯುತ್ತಿತ್ತು. ಆದರೆ ನಾನು ಮಾಡಬೇಕೆಂದಿದ್ದ ಕೆಲಸಕ್ಕೆ ಅವರ ಒಪ್ಪಿಗೆ ಬೇಕಾಗಿತ್ತು.

“ಇವತ್ತಿಂದ ಕುಂದ್ರಸಾಂಗಿಲ್ರೀ. ಸಿಳ್ಳಿನೂ ಇಲ್ಲ. ಚಡ್ಡಿನೂ ಬ್ಯಾಡ. ಬರೇ ಉಡದಾರದ ಮ್ಯಾಲ ಬಿಡ್ತೀನಿ. ಅವನಿಗೆ ತಾನ ಗೊತ್ತಾಗಬೇಕು.”

“ಗೊತ್ತಾಗಲಿಲ್ಲಂದ್ರ?”

“ನನಗ ತಿಳೀದ್ರೀ ಅಕ್ಕಾವ್ರ.”

“ಇನ್ನ ಇಪ್ಪತ್ತೆರಡು ದಿನ ಐತಿ” ಎಂದು ಅವರು ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಆಮೇಲೆ, “ಬಿಡು. ನೀ ಹೆಂಗ ಹೇಳ್ತೀ ಹಂಗ” ಎಂದರು.

ಮೊದಲ ನಾಲ್ಕು ದಿನ ಮನೆ ಕೆರೆಯಾಯಿತು. ಅಡುಗೆಮನೆ ಹೊಸ್ತಿಲು, ದೇವರ ಕೋಣೆಯ ಬಾಗಿಲು, ಸಾಹೇಬರ ಕಾಲಿನ ಜೋಡು, ಯಾವುದನ್ನೂ ಬಿಡಲಿಲ್ಲ. ನಾನು ಒಲೆಯ ಬೂದಿ ಬುಟ್ಟಿಯಲ್ಲಿ ತುಂಬಿಕೊಂಡು ಹಿಂದೆ ಹಿಂದೆ ತಿರುಗಿದೆ. ಒದ್ದೆಯ ಮೇಲೆ ಬೂದಿ ಹಾಕುವುದು, ಬಳಿಯುವುದು, ಮೇಲೆ ಸಗಣಿ ಸಾರಿಸುವುದು. ಬೈಯುವುದಿಲ್ಲ, ಹೊಡೆಯುವುದಿಲ್ಲ, ಸುಯ್ ಎನ್ನುವುದಿಲ್ಲ ಎಂದು ನಾನೇ ಹಾಕಿಕೊಂಡ ಕಟ್ಟು. ಮೂರರಲ್ಲಿ ಕೊನೆಯದೇ ಕಷ್ಟ. ನನ್ನ ತುಟಿ ತಾನಾಗಿ ಮುಂದೆ ಬರುತ್ತಿತ್ತು. ಒಂದು ಲವಂಗ ಕಚ್ಚಿಕೊಂಡು ತಿರುಗಿದೆ.

ಕಲಿಸುವುದನ್ನು ಬಿಟ್ಟ ಮೇಲೆ ನೋಡಲು ಬಿಡುವಾಯಿತು. ಹಿತ್ತಲ ಗೋಡೆಯ ಮೇಲೆ ಗುರುತು ಮಾಡತೊಡಗಿದೆ. ಸಿಕ್ಕಲ್ಲಿ ಹೊಯ್ದುಕೊಂಡಾಗ ಇದ್ದಿಲಿನ ಒಂದು ಗೆರೆ. ನೆರಳು ಬೇವಿನ ಬುಡದಿಂದ ಬಾನಿಯವರೆಗೆ ಬರುವಷ್ಟು ಹೊತ್ತು ಒಣಗಿದ್ದರೆ ಸುಣ್ಣದ ಒಂದು ಚುಕ್ಕೆ. ಮೊದಲ ದಿನ ಹದಿನೈದು ಗೆರೆ, ಚುಕ್ಕೆ ಒಂದೂ ಇಲ್ಲ. ಆರನೆಯ ದಿನ ಮೊದಲ ಚುಕ್ಕೆ ಬಿತ್ತು. ಎಂಟನೆಯ ದಿನ ಎರಡು. ಹೊಟ್ಟೆಯ ಚೀಲ ನೀರು ಹಿಡಿದಿಡಲು ಕಲಿಯುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಮಧ್ಯಾಹ್ನ ಮಲಗಿ ಎದ್ದಾಗಲೂ ಕೌದಿ ಒಣಗಿರತೊಡಗಿತು.

ಮಲದ್ದು ಮೊದಲು ಸರಿಹೋಯಿತು. ಹೆದರಿಕೆ ಹೋದ ಮೇಲೆ ಅದು ತಾನಾಗಿ ಮೆತ್ತಗಾಯಿತು. ಬರುವ ಮೊದಲು ಕೂಸು ಆಟ ಬಿಟ್ಟು, ಸುಮ್ಮನಾಗಿ, ಜೋಳದ ಕಣಜದ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂರುತ್ತಿತ್ತು. ಯಾರೂ ನೋಡಬಾರದು. ನೋಡಿದರೆ ಮುಖ ತಿರುಗಿಸುತ್ತಿತ್ತು. ಇದನ್ನು ಮೊದಲೂ ಎಷ್ಟೋ ಸಲ ಕಂಡಿದ್ದೆ, ಕಂಡು ಅಲ್ಲಿಂದ ಎಳೆದುಕೊಂಡು ಬಂದು ಕಾಲ ಮೇಲೆ ಕೂರಿಸಿದ್ದೆ. ಬರುವುದು ತನಗೆ ತಿಳಿದಿದೆ ಎಂದು ಅವನು ಬಾಯಿಲ್ಲದೆ ಹೇಳುತ್ತಿದ್ದುದನ್ನು ನಾನೇ ತಡೆದಿದ್ದೆ. ಈಗ ಎಳೆಯಲಿಲ್ಲ. ಹಿತ್ತಲ ಮೂಲೆಯಲ್ಲಿ ಗೇಣುದ್ದ ಗುಂಡಿ ತೋಡಿ, ಬೂದಿ ಹಾಕಿ, ಎರಡೂ ಕಡೆ ಕಾಲಿಡಲು ಎರಡು ಚಪ್ಪಟೆ ಕಲ್ಲು ಇಟ್ಟೆ. ಸುತ್ತ ಹಳೆಯ ಚಾಪೆಯ ಮರೆ ಕಟ್ಟಿದೆ. ಕರೆಯಲಿಲ್ಲ, ತೋರಿಸಲಿಲ್ಲ.

ಮಾತು ಬಂದ ಬಗೆ ನನಗೆ ಎಂದೂ ಮರೆಯುವುದಿಲ್ಲ. ಮೊದಲು ಹೊಯ್ದ ಮೇಲೆ ಬಂದು “ಉಚ್ಚಿ” ಎನ್ನುತ್ತಿದ್ದ. ಒಂದು ವಾರದ ನಂತರ ಹೊಯ್ಯುತ್ತಿರುವಾಗಲೇ ಅಲ್ಲೇ ನಿಂತು, ಬೆರಳು ತೋರಿಸಿ “ಉಚ್ಚಿ, ಉಚ್ಚಿ” ಎಂದು ಕೂಗತೊಡಗಿದ. ಕೆಲಸದ ಹೆಂಗಸು ಅದನ್ನು ನೋಡಿ, “ಆಮ್ಯಾಲ ಹೇಳಿ ಏನು ಉಪಯೋಗಬೇ?” ಎಂದು ನಕ್ಕಳು. ನಾನು ಬೂದಿ ಬುಟ್ಟಿ ಕೆಳಗಿಟ್ಟೆ. ಆದ ಮೇಲೆ ಹೇಳುವವನು ಆಗುವಾಗ ಹೇಳುತ್ತಿದ್ದಾನೆ ಎಂದರೆ ಆಗುವ ಮೊದಲು ಹೇಳುವ ದಿನ ದೂರವಿಲ್ಲ. ದೂರವಿಲ್ಲ, ಆದರೆ ಅಮಾವಾಸ್ಯೆಗಿಂತ ಈಚೆಗೋ ಆಚೆಗೋ?

ಹದಿನೈದನೆಯ ದಿನ ಬೆಳಗ್ಗೆ ಸಾಹೇಬರು ಎಂದಿನಂತೆ ನೀರಿನ ಚರಗಿ ತೆಗೆದುಕೊಂಡು ಬಯಲಕಡೆಗೆ ಹೊರಟರು. ನೋಡಿದರೆ ಹಿಂದೆ ಕೂಸು. ಮೈಮೇಲೆ ಉಡದಾರ ಬಿಟ್ಟರೆ ನೂಲಿಲ್ಲ. ದೇವರ ಮುಂದಿನ ಪುಟ್ಟ ತಾಮ್ರದ ತಂಬಿಗೆ ಕೈಯಲ್ಲಿ. ಅಪ್ಪನ ಹಾಗೇ ಎದೆ ಮುಂದೆ ಮಾಡಿ, ಅಪ್ಪನ ಹಾಗೇ ಕೆಮ್ಮಿ, ಸೀದಾ ಮೂಲೆಯ ಚಾಪೆಯ ಮರೆಗೆ ಹೋದ. ಕಲ್ಲಿನ ಮೇಲೆ ಕಾಲಿಟ್ಟ, ಕೂತ, ಯಾರ ಕೈಯನ್ನೂ ಹಿಡಿಯದೆ ಎದ್ದ. ತಂಬಿಗೆಯಲ್ಲಿ ನೀರಿರಲಿಲ್ಲ, ಅದನ್ನೇ ಬಗ್ಗಿಸಿದ. ಸಾಹೇಬರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಅವರ ಮುಖದಲ್ಲಿ ನಗು ಬರುವುದೂ ಹೋಗುವುದೂ ಆಗುತ್ತಿತ್ತು. ನಾನು ಅಡುಗೆಮನೆಗೆ ಓಡಿ ಹೋಗಿ ಅಕ್ಕಾವ್ರ ಕೈ ಹಿಡಿದುಕೊಂಡೆ.

ಅಮಾವಾಸ್ಯೆಗೆ ಮೂರು ದಿನ ಇರುವಾಗ ಎಲ್ಲರೂ ಹೊರಟೆವು. ಲಿಂಗಸುಗೂರಿನಿಂದ ಮಸ್ಕಿಗೆ ಒಂದು ದಿನ, ರಾತ್ರಿ ಅಲ್ಲಿ ನಮ್ಮವ್ವನ ಮನೆಯಲ್ಲಿ ವಸ್ತಿ, ಮರುದಿನ ಸಿಂಧನೂರು. ಆಗ ಗೋಡೆಯ ಮೇಲೆ ದಿನಕ್ಕೆ ಎರಡೇ ಗೆರೆ. ಚುಕ್ಕೆಗಳು ತುಂಬಿದ್ದವು. ಆದರೂ ಎರಡು ಗೆರೆ ಎರಡು ಗೆರೆಯೇ. ಬಂಡಿಯಲ್ಲಿ ದಾರಿಯುದ್ದಕ್ಕೂ ನಾನು ಅವನ ಮುಖವನ್ನೇ ನೋಡುತ್ತ ಕೂತೆ. ಅವನು ಸುಮ್ಮನಾದರೆ ಬಂಡಿ ನಿಲ್ಲಿಸಿ ಎನ್ನುತ್ತಿದ್ದೆ. ಎರಡು ಸಲ ನಿಲ್ಲಿಸಿ ಇಳಿಸಿದೆ, ಎರಡೂ ಸಲ ಹೊಯ್ದ. ಮೂರನೆಯ ಸಲ ಸುಮ್ಮನೆ ನಿಂತು ನೊಣ ಹಿಡಿದ.

ಮಸ್ಕಿಯ ಹಳ್ಳಕ್ಕೆ ಬರುವ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿತ್ತು. ಎತ್ತುಗಳ ಬಾಯಿಂದ ನೊರೆ ಇಳಿಯುತ್ತಿತ್ತು. ಕಾಕಾ ನೊಗ ಇಳಿಸಿ ಹಳ್ಳದ ಗುಂಡಿಗೆ ಬಿಟ್ಟ. ಅವು ಮೂತಿ ಇಟ್ಟು, ತಲೆ ಎತ್ತಿ, ಅವನನ್ನು ನೋಡುತ್ತ ನಿಂತವು. ಕುಡಿಯಲಿಲ್ಲ. ಕಾಕಾ ನನ್ನನ್ನು ನೋಡಿದ.

“ತಂಗಿ, ಮೂಕ ಪ್ರಾಣಿ ಅವು.”

“ಹಾಕ್ರಿ ಕಾಕಾ” ಎಂದೆ. ಬೇರೆ ಏನು ಹೇಳಲಿ?

ಅವನು ಸಿಳ್ಳೆ ಹಾಕಿದ. ನನ್ನ ತೊಡೆಯ ಮೇಲೆ ಬೆಚ್ಚಗಾಯಿತು.

ಹತ್ತೊಂಬತ್ತು ದಿನದ ಬೂದಿ, ಸಗಣಿ, ಲವಂಗ ಎಲ್ಲ ಹಳ್ಳದಲ್ಲಿ ಹೋದಂತಾಯಿತು. ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ತೆರೆದಾಗ ಕೂಸು ಅಳುತ್ತಿತ್ತು. ಬೈದದ್ದಕ್ಕಲ್ಲ, ಯಾರೂ ಬೈದಿರಲಿಲ್ಲ. ನನ್ನ ಒದ್ದೆ ಸೀರೆಯನ್ನು ಎರಡೂ ಕೈಯಿಂದ ಒರೆಸುತ್ತ “ಉಚ್ಚಿ ಬ್ಯಾಡ, ಬ್ಯಾಡ” ಎಂದು ಬಿಕ್ಕುತ್ತಿತ್ತು. ಈ ಮೊದಲು ಹೊಯ್ದುಕೊಂಡು ಅವನು ಒಂದು ಸಲವೂ ಅತ್ತಿರಲಿಲ್ಲ. ತನಗೆ ಬೇಡವಾಗಿದ್ದು ತನ್ನಿಂದ ಆಯಿತೆಂದು ಅವನಿಗೆ ತಿಳಿದಿತ್ತು.

ಆಗ ನಾನು ಮಾಡಿದ್ದು ಯೋಚಿಸಿ ಮಾಡಿದ್ದಲ್ಲ. ಅವನನ್ನು ಎತ್ತಿಕೊಂಡು ಹಳ್ಳಕ್ಕೆ ಇಳಿದೆ. ತೊಳೆದೆ. ಎತ್ತುಗಳ ಮೂತಿಯ ಹತ್ತಿರ ನಿಲ್ಲಿಸಿದೆ.

“ನೋಡಪ್ಪಾ, ಸಿಳ್ಳಿ ನಿನಗಲ್ಲ. ಎತ್ತಿಗೆ. ಸಿಳ್ಳಿ ಹಾಕಿದ್ರ ಎತ್ತು ನೀರು ಕುಡೀತೈತಿ. ನೀನೂ ಹಾಕು.”

ಅವನು ಬಿಕ್ಕುತ್ತಲೇ ತುಟಿ ಮುಂದೆ ಮಾಡಿದ. ಸಿಳ್ಳೆ ಎಲ್ಲಿಂದ ಬರಬೇಕು? ಫೂ ಎಂದು ಗಾಳಿ, ಜೊತೆಗೆ ಎಂಜಲು. ಹಿಂದಿನಿಂದ ಕಾಕಾ ಮೆಲ್ಲಗೆ ಸಿಳ್ಳೆ ಕೂಡಿಸಿದ. ಎತ್ತು ಬಗ್ಗಿ ಗಟಗಟ ಕುಡಿಯಿತು. ಕೂಸಿನ ಅಳು ಅಲ್ಲೇ ನಿಂತಿತು. ಮತ್ತೆ ಫೂ ಎಂದ, ಎತ್ತು ಮತ್ತೆ ಕುಡಿಯಿತು. ಅವನು ಕಾಕಾನ ಕಡೆ ತಿರುಗಿ ನಕ್ಕ. ಆ ಸಂಜೆ ಮಸ್ಕಿಯಲ್ಲಿ ನಮ್ಮವ್ವನ ಮನೆಯ ಬಾನಿಯ ಮುಂದೆ, ಮರುದಿನ ಬೆಳಗ್ಗೆ ಹೊರಡುವ ಮೊದಲು, ದಾರಿಯ ಬಾವಿಯ ಹತ್ತಿರ, ಪ್ರತಿ ಸಲವೂ ಅವನೇ ಎತ್ತಿಗೆ ನೀರು ಕುಡಿಸಿದ. ಪ್ರತಿ ಸಲವೂ ನಾನು ಅವನ ಕಾಲುಗಳನ್ನು ನೋಡಿದೆ. ಬಾವಿಯ ಹತ್ತಿರ ಒಮ್ಮೆ ನಾಲ್ಕು ಹನಿ ಬಿದ್ದವು. ನಿಲ್ಲಿಸಿಕೊಂಡ.

ಅಮಾವಾಸ್ಯೆಯ ದಿನ ಸಿಂಧನೂರಿನ ಮನೆಯಲ್ಲಿ ಹಿರಿಯವ್ವಾರು ಬೆಳಗಿನಿಂದಲೇ ಮೊಮ್ಮಗನನ್ನು ತಮ್ಮ ಹತ್ತಿರ ಕೂರಿಸಿಕೊಂಡರು. ಸಾಹೇಬರ ತಾಯಿಗೆ ಎಲ್ಲರೂ ಹಾಗೇ ಅನ್ನುತ್ತಿದ್ದರು. ಗಟ್ಟಿ ಹೆಂಗಸು, ಮಾತು ಕಡಿಮೆ. ನನಗೆ, “ಏ ಹುಡುಗಿ, ಇವತ್ತು ನೀ ದೂರ ಇರು. ನೀ ಎತ್ತಿಕೊಂಡು ಅಡ್ಡಾಡಿದ್ರ ನನಗ ಹೆಂಗ ತಿಳೀಬೇಕು?” ಎಂದರು. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಂಬಕ್ಕೆ ಒರಗಿ ನಿಂತೆ. ಅಂಗಳದ ಕಟ್ಟೆಯ ಮೇಲೆ ಬರೆ ಹಾಕುವ ಮುದುಕಿ ಬಂದು ಕೂತಿದ್ದಳು. ಕುಂಪಟೆಯಲ್ಲಿ ಕೆಂಡ ಇತ್ತು. ದಬ್ಬಣ ಇನ್ನೂ ಅವಳ ಸೆರಗಿನ ಗಂಟಿನಲ್ಲಿತ್ತು.

ಹೊಲದ ಕರಿಮಣ್ಣಿನಿಂದ ಮಾಡಿದ ಎರಡು ಎತ್ತು, ಒಂದು ಬಾನಿ ಮಣೆಯ ಮೇಲೆ ಇದ್ದವು. ಕೂಸು ಅವುಗಳ ಮುಂದೆ ಮಂಡಿಯೂರಿ ಫೂ, ಫೂ ಎಂದು ಊದುತ್ತಿತ್ತು.

“ಏನು ಮಾಡಾಕತ್ತಾನ ಇವ?” ಎಂದರು ಹಿರಿಯವ್ವಾರು.

“ನೀರು ಕುಡಸಾಕತ್ತಾನ್ರೀ” ಎಂದೆ.

ಆಗಲೇ ಹಿತ್ತಲಲ್ಲಿ ಯಾರೋ ನಿಜವಾದ ಎತ್ತುಗಳನ್ನು ಬಾನಿಗೆ ಬಿಟ್ಟರು. ಕಾಕಾ ಅಲ್ಲ, ಆ ಮನೆಯ ಆಳು. ಅವನಿಗೆ ಏನೂ ಗೊತ್ತಿರಲಿಲ್ಲ. ಉದ್ದಕ್ಕೆ ಸಿಳ್ಳೆ ಹಾಕಿದ. ಅಕ್ಕಾವ್ರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

ಕೂಸು ತಲೆ ಎತ್ತಿತು. ಹಿತ್ತಲ ಕಡೆ ಕೈ ತೋರಿಸಿ, “ಎತ್ತು ನೀರು” ಎಂದಿತು. ಮತ್ತೆ ಮಣ್ಣೆತ್ತಿಗೆ ಊದತೊಡಗಿತು. ಮಣೆ ಒಣಗಿತ್ತು, ನೆಲ ಒಣಗಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಪೂಜೆ ಶುರುವಾಗಿ, ಹಿರಿಯವ್ವಾರು ಆರತಿ ಕೈಗೆತ್ತಿಕೊಂಡಾಗ ಕೂಸು ಸುಮ್ಮನಾಯಿತು. ನನಗೆ ಆ ಸುಮ್ಮನಿರುವಿಕೆಯ ಗುರುತು ಗೊತ್ತು. ಒಂದು ಹೆಜ್ಜೆ ಮುಂದಿಟ್ಟೆ. ಹಿರಿಯವ್ವಾರು ಕಣ್ಣಲ್ಲೇ ನಿಲ್ಲು ಎಂದರು. ಕೂಸು ನನ್ನನ್ನು ಹುಡುಕಲಿಲ್ಲ. ಎದ್ದು ಅಜ್ಜಿಯ ಸೆರಗು ಜಗ್ಗಿ, ಎಲ್ಲರಿಗೂ ಕೇಳುವಂತೆ, “ಅಜ್ಜಿ, ಉಚ್ಚಿ ಬಂತು” ಎಂದಿತು. ಬಂತು ಎಂದಿತು. ಬಂದಿರಲಿಲ್ಲ ಇನ್ನೂ.

ಆರತಿ ಸೊಸೆಯ ಕೈಗೆ ಹೋಯಿತು. ಹಿರಿಯವ್ವಾರು ಮೊಮ್ಮಗನ ಕೈ ಹಿಡಿದು ಏದುಸಿರು ಬಿಡುತ್ತ ಹಿತ್ತಲಿಗೆ ನಡೆದರು. ಬಾಗಿಲು ದಾಟುವವರೆಗೆ, ತಿಪ್ಪೆಯ ಮೂಲೆ ಮುಟ್ಟುವವರೆಗೆ, ಅವನು ತೊಡೆ ಬಿಗಿ ಹಿಡಿದುಕೊಂಡು ನಡೆದ. ನಾನು ಕಿಟಕಿಯಿಂದ ನೋಡಿದೆ. ಅಜ್ಜಿ ತುಟಿ ಮುಂದೆ ಮಾಡಿ ಸಿಳ್ಳೆ ಹಾಕಲು ಹೊರಟರು. ಕೂಸು ತನ್ನ ಅಂಗೈಯಿಂದ ಅವರ ಬಾಯಿ ಮುಚ್ಚಿತು.

ಹಿಂದಿರುಗಿ ಬಂದ ಹಿರಿಯವ್ವಾರು ಕಟ್ಟೆಯ ಮೇಲಿನ ಮುದುಕಿಗೆ ಎಲೆಯಲ್ಲಿ ನಾಲ್ಕು ಹೋಳಿಗೆ ಕಟ್ಟಿ ಕೊಟ್ಟು, “ಇವತ್ತು ಕೆಲಸ ಇಲ್ಲವ್ವಾ, ಹೋಗಿ ಬಾ” ಎಂದರು. ಕುಂಪಟೆಗೆ ತಾವೇ ಒಂದು ಚರಗಿ ನೀರು ಸುರಿದರು. ಅಕ್ಕಾವ್ರು ಒಳಗೆ ಹೋಗಿ ಅತ್ತರು. ನಾನೂ ಅಳಬೇಕೆಂದುಕೊಂಡೆ, ಬರಲಿಲ್ಲ.

ಸಂಜೆ ಮಣ್ಣೆತ್ತುಗಳನ್ನು ಹಿತ್ತಲ ನೀರಿನ ತೊಟ್ಟಿಯ ಹತ್ತಿರ ಇಟ್ಟು ಬರುವಾಗ ಹಿರಿಯವ್ವಾರು ನನ್ನನ್ನು ಕರೆದರು. ಅಲ್ಲಿ ನಾವಿಬ್ಬರೇ. ಬೆಳಗ್ಗೆ ನಾನು ಕಂಬಕ್ಕೆ ಒರಗಿ ನಿಂತಾಗ ನನ್ನ ಕೈ ಎಲ್ಲಿತ್ತೆಂದು ಅವರು ನೋಡಿದ್ದರೆಂದು ಕಾಣುತ್ತದೆ.

“ನಿನಗ ಎಷ್ಟು ವರ್ಷಕ್ಕ ಬರಿ ಹಾಕಿದ್ರು?”

“ಮೂರಕ್ಕ್ರೀ ಅವ್ವಾರ.”

“ಆಮ್ಯಾಲ ನಿಂತಿತ್ತೇನು?”

ಸುಳ್ಳು ಹೇಳಬಹುದಾಗಿತ್ತು. “ಇಲ್ರೀ. ಆರು ವರ್ಷದಾಕಿ ಆಗೋತನಕ ಹಾಸಿಗ್ಯಾಗ ಹೊಯ್ಕೊಂತಿದ್ದೆ.”

ಹಿರಿಯವ್ವಾರು ಸೀರೆಯ ನೆರಿಗೆಯ ಮೇಲೆ, ಹೊಕ್ಕುಳ ಕೆಳಗೆ, ಅಂಗೈ ಇಟ್ಟುಕೊಂಡು ತೊಟ್ಟಿಯ ನೀರು ನೋಡುತ್ತ ನಿಂತರು.

“ನನಗೂ ನಿಂತಿದ್ದಿಲ್ಲ” ಎಂದರು.